ತೊಗಲಿನಳತೆಯ ಚೆಂಡು

ಗಾಲ್ಫ್ ಆಟದಲ್ಲಿ ಯುರೋಪಿನವರು ಗಟ್ಟಿಯೋ ಅಮೆರಿಕದವರು ಗಟ್ಟಿಯೋ ಎಂಬ ಪ್ರಶ್ನೆಗೆ ನಮ್ಮ ಪಿಟ್‌ಹೇವನ್ನಿನಲ್ಲಿ ಯಾರಿಗೂ ಉತ್ತರ ಬೇಕಿರಲಿಲ್ಲ. ಬೇಕಾಗಿದ್ದದ್ದು ಜಗಳ. ನಮ್ಮಣ್ಣನ ಹಳೆಯ ಸ್ನೇಹಿತ ಡಾಡ್ ಕಾರ್ಗಿಲ್ ನನ್ನ ಮೀನಂಗಡಿಯ ಕಟ್ಟೆಗೆ ಮೊಣಕೈ ಊರಿ ಪೇಪರ್ ಬಿಡಿಸಿದನೆಂದರೆ ಶುರುವಾಯಿತು ಅಂತಲೇ ಅರ್ಥ. ಹೊಗೆಯಾಡಿಸಿದ ಹ್ಯಾಡಕ್ ಮೀನು ಕೊಳ್ಳಲು ಬಂದವರು ಮೀನು ಮರೆತು ಅರ್ಧ ಗಂಟೆ ನಿಲ್ಲುತ್ತಿದ್ದರು. ಕೊನೆಗೆ ನಾನೇ ಗದರಿಸಿ ಕಳಿಸಬೇಕು.

"ಜಗತ್ತಿನ ಮೊದಲ ಹತ್ತು ಜನದಲ್ಲಿ ಏಳು ಜನ ಅವರೋರು. ನಮ್ಮೋನು ಒಬ್ಬನೇ ಒಬ್ಬ. ಇನ್ನೇನು ಹೇಳ್ತೀಯ ಹೇಳು," ಎನ್ನುತ್ತಿದ್ದ ಡಾಡ್.

"ಹಾಗಾದ್ರೆ ಇಲ್ಲಿಗೆ ಬಂದಾಗೆಲ್ಲ ಯಾಕೆ ಸೋತು ಹೋಗ್ತಾರೆ?" ಎಂದು ನಾನು.

"ಗಾಳಿ ಕಣಮ್ಮ, ಗಾಳಿ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ನಮ್ಮೋರಿಗೆ ಅದೊಂದು ಗೊತ್ತು. ಅವರ ಕಡೆ ಗಾಳಿ ಬೀಸಿದ್ರೆ ಆಟ ನಿಲ್ಲಿಸಿ ಐಸ್‌ಕ್ರೀಮ್ ತಿಂತಾರಂತೆ."

ನಮ್ಮಣ್ಣ ವಾಟಿ ಇಮ್ರಿ ಮೂಲೆಯ ಸ್ಟೂಲಿನಲ್ಲಿ ಕೂತು ಟೀ ಕುಡಿಯುತ್ತಿದ್ದವನು ಒಂದು ಮಾತೂ ಆಡುತ್ತಿರಲಿಲ್ಲ. ಒಮ್ಮೆ ಮಾತ್ರ, ಡಾಡ್ ಪೀಡಿಸಿ ಪೀಡಿಸಿ ಕೇಳಿದ ಮೇಲೆ, "ಒಬ್ಬೊಬ್ಬರನ್ನೇ ತೂಗಿದ್ರೆ ಅವರು ಭಾರ. ಮೂಟೆ ಕಟ್ಟಿ ತೂಗಿದ್ರೆ ನಾವು," ಅಂದಿದ್ದ. ಆಮೇಲೆ ಲೋಟ ತೊಳೆದಿಟ್ಟು ಹೊರಟುಬಿಟ್ಟ. ಅವನ ಮಟ್ಟಿಗೆ ಅದೇ ದೊಡ್ಡ ಭಾಷಣ.

ವಾಟಿ ಕ್ಯಾಡಿ. ನಲವತ್ನಾಲ್ಕು ವರ್ಷ ಬೇರೆಯವರ ಕೋಲಿನ ಚೀಲ ಹೊತ್ತವನು. ಕ್ಯಾಡಿಗಳಿಗೆ ಮೂರೇ ನಿಯಮ: ಹೊತ್ತಿಗೆ ಸರಿಯಾಗಿ ಬಾ, ಹೆಜ್ಜೆಗೆ ಹೆಜ್ಜೆ ಹಾಕು, ಬಾಯಿ ಮುಚ್ಚಿಕೊಂಡಿರು. ಮೊದಲೆರಡನ್ನು ಊರಿನ ಎಲ್ಲ ಕ್ಯಾಡಿಗಳೂ ಪಾಲಿಸುತ್ತಿದ್ದರು. ಮೂರನೆಯದನ್ನು ನಮ್ಮಣ್ಣ ಮದುವೆಯಲ್ಲೂ ಪಾಲಿಸಿದ. ಅದಕ್ಕೇ ಅತ್ತಿಗೆ ಮಾತಿಗೆ ಹಸಿದು ತವರಿಗೆ ಹೋಗಿಬಿಟ್ಟಳು ಅಂತ ನಾನು ಅವನೆದುರೇ ಹೇಳಿದ್ದೇನೆ. 

ಇಷ್ಟು ವರ್ಷದಲ್ಲಿ ಅವನು ದೊಡ್ಡವರ ಚೀಲ ಹೊರಲಿಲ್ಲ ಅಂತಲ್ಲ. ಬೇಸಿಗೆಯಲ್ಲಿ ಬರುವ ಬ್ಯಾಂಕಿನ ಧಣಿಗಳು, ಜಪಾನಿನ ವೈದ್ಯರು, ಒಮ್ಮೆ ಯಾವುದೋ ದೇಶದ ಮಂತ್ರಿ, ಎಲ್ಲರ ಚೀಲವನ್ನೂ ಹೊತ್ತಿದ್ದ. ಆದರೆ ಯುರೋಪ್, ಅಮೆರಿಕ ತಂಡಗಳು ಎರಡು ವರ್ಷಕ್ಕೊಮ್ಮೆ ಆಡುವ ಅಟ್ಲಾಂಟಿಕ್ ಕಪ್‌ನಲ್ಲಿ ಯುರೋಪಿನ ಪರವಾಗಿ ಒಂದು ದಿನ, ಒಂದೇ ಒಂದು ದಿನ ಹೊರಬೇಕು ಅನ್ನುವ ಆಸೆ ಅವನಿಗೆ ಚೀಲ ಹೊತ್ತ ಮೊದಲ ದಿನದಿಂದ ಇತ್ತು. ಬಾಯಿಬಿಟ್ಟು ಹೇಳಿದವನಲ್ಲ. ಅವನ ಮನೆಯ ಗೋಡೆಯಲ್ಲಿ ಪ್ರತಿ ಎರಡು ವರ್ಷಕ್ಕೊಮ್ಮೆಯ ಯುರೋಪ್ ತಂಡದ ಫೋಟೋ ಸಾಲಾಗಿ ಅಂಟಿಸಿದ್ದನ್ನು ನೋಡಿದ ನನಗೆ ಹೇಳಬೇಕಾದದ್ದೇನೂ ಇರಲಿಲ್ಲ.

ಆ ವರ್ಷ ಕಪ್ ನಮ್ಮೂರಿಗೇ ಬಂತು. ಹನ್ನೆರಡು ಜನ ಅವರು, ಹನ್ನೆರಡು ಜನ ನಾವು, ಮೂರು ದಿನ, ಇಪ್ಪತ್ತೆಂಟು ಪಾಯಿಂಟು. ಹಿಂದಿನ ಸಲ ಗೆದ್ದಿದ್ದ ಅಮೆರಿಕಕ್ಕೆ ಸರಿಸಮ ಬಂದರೂ ಸಾಕು, ಕಪ್ ಅವರ ಹತ್ತಿರವೇ ಉಳಿಯುತ್ತದೆ. ನಮಗೆ ಹದಿನಾಲ್ಕೂವರೆ ಬೇಕು. ಆ ಅರ್ಧವನ್ನು ನೆನಪಿಟ್ಟುಕೊಳ್ಳಿ, ಊರೆಲ್ಲ ಇವತ್ತಿಗೂ ಅದನ್ನೇ ಅಗಿಯುತ್ತಿದೆ.

ಆಟಕ್ಕೆ ಎರಡು ದಿನ ಮುಂಚೆ, ಬುಧವಾರ ಬೆಳಿಗ್ಗೆ, ಡೆನ್ಮಾರ್ಕಿನ ಆಟಗಾರ ಯೆಪ್ಪೆ ಲುಂಡಾಲ್‌ನ ಕ್ಯಾಡಿ ಹೋಟೆಲಿನ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ. ಮಧ್ಯಾಹ್ನದ ಹೊತ್ತಿಗೆ ಸ್ಪೇನಿನವನಾದ ಯುರೋಪ್ ಕ್ಯಾಪ್ಟನ್ ಕ್ಯಾಡಿಗಳ ಶೆಡ್ಡಿಗೆ ಬಂದು, ಇಲ್ಲಿನ ಗಾಳಿ ಯಾರಿಗೆ ಚೆನ್ನಾಗಿ ಗೊತ್ತು ಅಂತ ಕೇಳಿದ. ಎಲ್ಲರೂ ಒಂದೇ ಕಡೆ ಬೆರಳು ತೋರಿಸಿದರು. ವಾಟಿಗೆ ಆಗ ಅರವತ್ತಾರು. ನನ್ನ ಅಂಗಡಿಗೆ ಬಂದು ನಿಂತ, ಬಾಯಿ ತೆರೆದ, ಮುಚ್ಚಿದ. ಕೊನೆಗೆ, "ಎಫಿ, ನನ್ನ ನೀಲಿ ಸಾಕ್ಸ್ ನಿನ್ನ ಹತ್ರ ಇದ್ಯಾ?" ಅಂದ.

"ಅಯ್ಯೋ ದೇವ್ರೇ, ಸಿಕ್ಕಿತೇನೋ ನಿಂಗೆ!" ಎಂದು ಕೂಗಿ ಮೀನಿನ ಕೈಯಲ್ಲೇ ಅವನ ಕುತ್ತಿಗೆಗೆ ಬಿದ್ದೆ. ಅವನ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಹೆಚ್ಚುತ್ತಿದ್ದೀಯಾ ಅಂತ ನನ್ನನ್ನೇ ಕೇಳಿ ಹೋದ.

ನಾನೂ ಮೈದಾನದೊಳಗಿದ್ದೆ, ಅದನ್ನೂ ಹೇಳಿಬಿಡಬೇಕು. ಊರಿನ ಹೆಂಗಸರು ನಲವತ್ತು ಜನ ಸ್ವಯಂಸೇವಕಿಯರಾಗಿದ್ದೆವು. ನನ್ನ ಕೆಲಸ ಅಂಕದ ಹಲಗೆಯನ್ನು ಉದ್ದ ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದು ಆಟಗಾರರ ಹಿಂದೆ ನಡೆಯುವುದು. ಜನ ಹಗ್ಗದ ಆಚೆ, ನಾನು ಹಗ್ಗದ ಈಚೆ. ಭಾನುವಾರ ಕಟ್ಟಕಡೆಯ ಜೋಡಿಯ ಹಲಗೆ ನನಗೆ ಬಿತ್ತು: ನಮ್ಮ ಯೆಪ್ಪೆ ಲುಂಡಾಲ್, ಅವರ ಗ್ಯಾರೆಟ್ ಸ್ಟ್ರೌಡ್. ಚೀಟಿ ಎತ್ತಿದ್ದು ನಾನೇ, ಶಿಫಾರಸು ಯಾರದೂ ಇಲ್ಲ. ಇಲ್ಲದ ಮಾತು ಹುಟ್ಟಿಸುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇರುವುದರಿಂದ ಹೇಳುತ್ತಿದ್ದೇನೆ.

ಸ್ಟ್ರೌಡ್ ಜಗತ್ತಿಗೆ ಎರಡನೆಯವನು. ಯೆಪ್ಪೆ ಐವತ್ತೆಂಟನೆಯವನು. ಸ್ಟ್ರೌಡ್ ಹೊಡೆದರೆ ಚೆಂಡು ಎಲ್ಲಿ ಬಿತ್ತು ಅಂತ ಕಣ್ಣಿಗೆ ಕಾಣುತ್ತಿರಲಿಲ್ಲ, ಜನರ ಉದ್ಗಾರ ಕೇಳಿ ತಿಳಿಯಬೇಕಿತ್ತು. ಯೆಪ್ಪೆಯ ಚೆಂಡು ಅದಕ್ಕಿಂತ ನಲವತ್ತು ಗಜ ಹಿಂದೆಯೇ ಕೂರುತ್ತಿತ್ತು. ಡಾಡ್ ಹಗ್ಗದ ಆಚೆಯಿಂದ ನನ್ನ ಸಮಕ್ಕೆ ಕುಂಟುತ್ತಾ ಬರುತ್ತಿದ್ದವನು ಮೂರನೆಯ ಕುಳಿಯಲ್ಲೇ, "ಮುಗೀತು ಬಿಡು ಎಫಿ, ಆನೆಗೂ ಆಡಿಗೂ ಕುಸ್ತಿ," ಅಂದ.

"ನೀನು ನಿನ್ನ ಮೊಣಕಾಲು ನೋಡ್ಕೋ, ಆಟ ಅವರು ನೋಡ್ಕೋತಾರೆ," ಅಂದೆ.

ಆದರೆ ಆನೆಗೆ ಗಾಳಿ ಬೀಸುವ ದಿಕ್ಕು ಗೊತ್ತಿರಲಿಲ್ಲ. ಸಮುದ್ರದ ಕಡೆಯಿಂದ ಹನ್ನೊಂದಕ್ಕೆ ಎದ್ದ ಗಾಳಿ ಹನ್ನೆರಡೂವರೆಗೆ ತಿರುಗುತ್ತದೆ ಅಂತ ವಾಟಿಗೆ ಗೊತ್ತಿತ್ತು. ಒಂದು ಬೆರಳು ಎತ್ತಿ ತೋರಿಸುತ್ತಿದ್ದ, ಯೆಪ್ಪೆ ಕೋಲು ಬದಲಿಸುತ್ತಿದ್ದ. ಇಬ್ಬರ ನಡುವೆ ಹತ್ತು ಮಾತು ಹುಟ್ಟಿದ್ದರೆ ಹೆಚ್ಚು. ಒಟ್ಟು ಹದಿನೆಂಟು ಕುಳಿ, ಒಂದೊಂದನ್ನೂ ಕಡಿಮೆ ಹೊಡೆತಕ್ಕೆ ಮುಗಿಸಿದವನು ಆ ಕುಳಿ ಗೆದ್ದ ಹಾಗೆ. ಹದಿಮೂರನೆಯ ಕುಳಿ ಮುಗಿದಾಗ ನಮ್ಮವನು ಒಂದು ಕುಳಿ ಮುಂದಿದ್ದ. ಹಲಗೆಗೆ ನಮ್ಮ ನೀಲಿ ಅಂಕೆ ಸಿಕ್ಕಿಸಿ ಇನ್ನೂ ಎತ್ತರಕ್ಕೆ ಹಿಡಿದೆ.

ಇಲ್ಲಿ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಇಬ್ಬರೇ ಎದುರಾಬದುರಾ ಆಡುವಾಗ ಚೆಂಡು ಕುಳಿಗೆ ತೀರ ಹತ್ತಿರ ನಿಂತರೆ ಎದುರಾಳಿ "ಕೊಟ್ಟೆ, ಎತ್ತಿಕೋ" ಅನ್ನಬಹುದು. ಹಾಗಂದರೆ ಕೊನೆಯ ಹೊಡೆತ ಹಾಕಿದ ಹಾಗೆಯೇ ಲೆಕ್ಕ. ಕೊಡುವುದು ಬಿಡುವುದು ಅವನಿಷ್ಟ. ಆದರೆ ನಮ್ಮೂರಿನ ಕ್ಯಾಡಿಗಳು ಗುರುವಾರ ಸಂಜೆ ತಾವೇ ಆಡಿಕೊಳ್ಳುವ ಆಟದಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಕೋಲಿನ ತಲೆಯನ್ನು ಕುಳಿಯಲ್ಲಿಟ್ಟು ಕೋಲನ್ನು ನೆಲಕ್ಕೆ ಮಲಗಿಸಿದರೆ, ಹಿಡಿಯ ತೊಗಲು ಎಲ್ಲಿ ಶುರುವಾಗುತ್ತದೋ ಅದರ ಒಳಗಿನ ಚೆಂಡು ಕೊಟ್ಟದ್ದೇ. ಸುಮಾರು ಎರಡಡಿ. ಅಜ್ಜಂದಿರ ಕಾಲದಿಂದ ಹೀಗೆ. ಆರು ವರ್ಷದ ಹಿಂದೆ, ಕ್ಯಾಡಿಯೇ ಆಗಿದ್ದ ಡಾಡ್‌ನ ಮೊಣಕಾಲು ಕೆಟ್ಟು ಬಗ್ಗಲಾಗದಂತಾದ ಮೇಲೆ, ತೊಗಲಿನೊಳಗೆ ಬಂದ ಚೆಂಡನ್ನೆಲ್ಲ ಬಗ್ಗಿ ಎತ್ತಿ ಅವರವರ ಕೈಗೆ ಕೊಡುವುದು ವಾಟಿಯ ಕೆಲಸವಾಯಿತು. ಪ್ರತಿ ಗುರುವಾರ, ಎಲ್ಲರ ಚೆಂಡೂ, ಆರು ವರ್ಷ. ಅವನ ಕೈ ಅವನನ್ನು ಕೇಳದೆಯೇ ಬಗ್ಗುತ್ತಿತ್ತು.

ಹದಿನಾಲ್ಕರಲ್ಲಿ ಯೆಪ್ಪೆಯ ಚೆಂಡು ಕುಳಿಯಿಂದ ಎರಡೂವರೆ ಅಡಿಗೆ ನಿಂತಿತು. ಯೆಪ್ಪೆ ಸ್ಟ್ರೌಡ್‌ನ ಮುಖ ನೋಡಿದ. ಸ್ಟ್ರೌಡ್ ತನ್ನ ಬೂಟು ನೋಡಿಕೊಂಡ. ಯೆಪ್ಪೆ ಆಡಲೇಬೇಕಾಯಿತು, ಚೆಂಡು ಕುಳಿ ತಪ್ಪಿತು. ಆಟ ಸಮಸಮ. ನಮ್ಮ ಜನ ಹಗ್ಗದ ಆಚೆಯಿಂದ ಹೋ ಎಂದು ಕೂಗಿದರು.

"ಎಂಥಾ ಜಿಪುಣನೋ ಇವನು!" ಎಂದು ನಾನು ಹಲ್ಲು ಕಚ್ಚಿಕೊಂಡೇ ಅಂದೆ.

ವಾಟಿ ಪಕ್ಕದಲ್ಲೇ ಚೀಲ ಎತ್ತಿಕೊಳ್ಳುತ್ತಿದ್ದ. "ತೊಗಲಿನಾಚೆ ಇತ್ತು. ಕೊಡದೇ ಇದ್ದದ್ದು ಸರಿ," ಅಂದ. ಅಷ್ಟೇ. ಆಗಲೂ ಅವನು ನಮ್ಮೂರಿನ ಅಳತೆಯಲ್ಲೇ ಯೋಚಿಸುತ್ತಿದ್ದಾನೆ ಅಂತ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಹದಿನೈದು, ಹದಿನಾರು, ಹದಿನೇಳು ಸಮಸಮವಾಗಿಯೇ ಮುಗಿದವು. ಅಷ್ಟರಲ್ಲಿ ಮುಂದಿನ ಜೋಡಿಗಳೆಲ್ಲ ಆಟ ಮುಗಿಸಿದ್ದವು. ಯುರೋಪ್ ಹದಿನಾಲ್ಕು, ಅಮೆರಿಕ ಹದಿಮೂರು. ಮೈದಾನದಲ್ಲಿ ಉಳಿದದ್ದು ನಮ್ಮದೊಂದೇ ಜೋಡಿ, ಆಡಲು ಉಳಿದದ್ದು ಒಂದೇ ಕುಳಿ. ಆ ಕುಳಿ ಸಮ ಆದರೆ ಆಟ ಸಮ, ಅರ್ಧ ಪಾಯಿಂಟು ನಮಗೆ, ಕಪ್ ನಮ್ಮದು. ಸೋತರೆ ಹದಿನಾಲ್ಕು ಹದಿನಾಲ್ಕು, ಕಪ್ ಮತ್ತೆ ವಿಮಾನ ಹತ್ತುತ್ತದೆ. ನಲವತ್ತು ಸಾವಿರ ಜನ ಆ ಒಂದು ಹುಲ್ಲುಹಾಸಿನ ಸುತ್ತ ಸೇರಿದ್ದರು. ಎರಡೂ ತಂಡದವರು ಅಂಚಿನಲ್ಲಿ ಕೂತಿದ್ದರು. ಅಮೆರಿಕದ ಕ್ಯಾಪ್ಟನ್ ಕೈಕಟ್ಟಿ ನಿಂತಿದ್ದ.

ಇಬ್ಬರೂ ಎರಡೆರಡು ಹೊಡೆತಕ್ಕೆ ಹಾಸಿನ ಮೇಲೆ ಬಂದರು. ಸ್ಟ್ರೌಡ್ ದೂರದಲ್ಲಿದ್ದ, ಅವನದೇ ಮೊದಲು. ನಲವತ್ತಡಿಯಿಂದ ಉರುಳಿಸಿದ ಚೆಂಡು ಕುಳಿಯ ಪಕ್ಕ ಹಾದು ಒಂದಡಿ ಆಚೆ ನಿಂತಿತು. "ಕೊಟ್ಟೆ, ಎತ್ಕೊಳ್ಳಿ," ಎಂದ ಯೆಪ್ಪೆ, ಎಲ್ಲರಿಗೂ ಕೇಳುವ ಹಾಗೆ. ಸ್ಟ್ರೌಡ್ ಎತ್ತಿಕೊಂಡ. ನಾಲ್ಕು ಹೊಡೆತಕ್ಕೆ ಅವನ ಲೆಕ್ಕ ಮುಗಿಯಿತು.

ಈಗ ಯೆಪ್ಪೆಗೆ ಹದಿನೈದು ಅಡಿ. ಹಾಕಿದರೆ ಪೂರ್ತಿ ಗೆಲುವು, ಹತ್ತಿರ ತಂದು ನಿಲ್ಲಿಸಿದರೂ ಸಾಕು. ಅವನು ಹೊಡೆದ. ಚೆಂಡು ಕುಳಿಯ ಎಡ ಅಂಚನ್ನು ಸವರಿ ಒಂದೂವರೆ ಅಡಿ ಆಚೆ ಹೋಗಿ ನಿಂತಿತು. ಒಂದೂವರೆ ಅಡಿ! ಜನ ಎದ್ದುಬಿಟ್ಟರು. ಕಪ್ ನಮ್ಮದಾಯಿತು ಅನ್ನುವ ಕೂಗು ಸಮುದ್ರದವರೆಗೂ ಹೋಗಿರಬೇಕು. ಯೆಪ್ಪೆ ಮುಖಕ್ಕೆ ಟೋಪಿ ಒತ್ತಿಕೊಂಡ. ಕುಳಿಯ ಪಕ್ಕ ಬಾವುಟದ ಕೋಲು ಹಿಡಿದು ನಿಂತಿದ್ದ ನಮ್ಮಣ್ಣ, ಯಾವುದೋ ಗುರುವಾರದ ಸಂಜೆ ಅಂದುಕೊಂಡವನ ಹಾಗೆ, ಬಗ್ಗಿ ಆ ಚೆಂಡನ್ನು ಎತ್ತಿಕೊಂಡು ಪ್ಯಾಂಟಿಗೆ ಒರೆಸಿದ.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ನಾನು ನೋಡುತ್ತಿದ್ದದ್ದು ಸ್ಟ್ರೌಡ್‌ನನ್ನು. ಅವನು ಬಾಯಿ ತೆರೆದಿರಲಿಲ್ಲ. ತಲೆ ಆಡಿಸಿರಲಿಲ್ಲ. ಕೈ ಎತ್ತಿರಲಿಲ್ಲ. ಚೆಂಡನ್ನೇ ನೋಡುತ್ತಾ ನಿಂತಿದ್ದ, ಹದಿನಾಲ್ಕರಲ್ಲಿ ಬೂಟು ನೋಡಿದ ಹಾಗೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ನಮ್ಮಣ್ಣನ ಕೈಯ ರೂಢಿಯೂ ಹಾಗೆಯೇ. 

ಆಸ್ಟ್ರೇಲಿಯಾದ ರೆಫರಿ ಕೈ ಎತ್ತಿದ. ಕೂಗು ಒಂದೊಂದೇ ಬದಿಯಿಂದ ಇಳಿಯುತ್ತಾ ಬಂತು. ಕೊಡದ ಚೆಂಡನ್ನು ಗುರುತು ಇಡದೆ ಎತ್ತಿದರೆ ಒಂದು ಹೊಡೆತದ ದಂಡ. ಕ್ಯಾಡಿ ಎತ್ತಿದರೂ ದಂಡ ಆಟಗಾರನಿಗೇ. ಆ ಒಂದು ಹೊಡೆತ ಸೇರಿದರೆ ಯೆಪ್ಪೆಗೆ ಐದು. ಕುಳಿ ಹೋಯಿತು, ಆಟ ಹೋಯಿತು, ಕಪ್ ಹೋಯಿತು. ಅಷ್ಟು ಲೆಕ್ಕ ಪಿಟ್‌ಹೇವನ್ನಿನ ಮಕ್ಕಳಿಗೂ ಬರುತ್ತದೆ.

ರೆಫರಿ ಸ್ಟ್ರೌಡ್‌ನ ಹತ್ತಿರ ಹೋಗಿ ಕೇಳಿದ: "ಮಿಸ್ಟರ್ ಸ್ಟ್ರೌಡ್, ಆ ಚೆಂಡು ಕೊಟ್ಟಿದ್ರಾ?"

ಸ್ಟ್ರೌಡ್ ತನ್ನ ಕ್ಯಾಪ್ಟನ್ ಕಡೆ ನೋಡಲಿಲ್ಲ. ನಮ್ಮಣ್ಣನ ಕಡೆ ನೋಡಿದ. ವಾಟಿ ಅಂಗೈ ಮೇಲೆ ಚೆಂಡಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ತಾನು ಏನು ಮಾಡಿದೆ ಅಂತ ಆಗ ತಾನೇ ಗೊತ್ತಾಗಿ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಜಗತ್ತಿಗೆ ಎರಡನೆಯವನು ಆ ಮುದುಕನನ್ನು ಎರಡು ಉಸಿರಿನಷ್ಟು ಹೊತ್ತು ನೋಡಿ, "ಕೊಟ್ಟಿದ್ದೆ," ಎಂದ.

ಅಯ್ಯೋ, ನಾನು ಅವನಿಗೆ ಜಿಪುಣ ಅಂದಿದ್ದೆ! ರೆಫರಿ ಜೇಬಿನಿಂದ ಪುಸ್ತಕ ತೆಗೆದ. ನಾನು ಹಲಗೆ ಇಳಿಸಿ ಅಂಕೆ ಹುಡುಕಿದೆ. ಅಷ್ಟರಲ್ಲಿ ಯೆಪ್ಪೆ ಟೋಪಿ ಕೆಳಗಿಳಿಸಿ ವಾಟಿಯ ಹತ್ತಿರ ಬಂದ. ಒಳ್ಳೆಯ ಹುಡುಗ, ಪೆದ್ದನಲ್ಲ.

"ವಾಟಿ, ನನಗೆ ಏನೂ ಕೇಳಿಸ್ಲಿಲ್ಲ," ಅಂದ. "ಗಲಾಟೆ ಇತ್ತು, ಕೇಳಿಸದೇ ಇದ್ದಿರಬಹುದು. ನೀವು ಹತ್ರ ಇದ್ರಿ. ಕೊಟ್ಟಿದ್ರಾ?"

ರೆಫರಿಯ ಪೆನ್ನು ನಿಂತಿತು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ನಾಚಿಕೆಯಿಲ್ಲದೆ ಬೇಡಿಕೊಂಡೆ: ನಲವತ್ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೀಯಲ್ಲೋ, ಇನ್ನೊಂದು ನಿಮಿಷ ಮುಚ್ಚಿಕೊಂಡಿರೋ. ಸುಮ್ಮನೆ ತಲೆ ಆಡಿಸು ಸಾಕು. ತಲೆಯನ್ನೂ ಆಡಿಸಬೇಡ, ಸುಮ್ಮನೆ ನಿಂತಿರು.

"ಇಲ್ಲ ಸರ್," ಎಂದ ನಮ್ಮಣ್ಣ. "ಅವರು ಕೊಟ್ಟಿರ್ಲಿಲ್ಲ. ಕೊಡೋದಕ್ಕೆ ಮುಂಚೆ ನಾನೇ ಎತ್ತಿಬಿಟ್ಟೆ. ತಪ್ಪು ನಂದು."

ಯೆಪ್ಪೆ ಅವನ ಅಂಗೈಯಿಂದ ಚೆಂಡು ತೆಗೆದುಕೊಂಡ. ಆಮೇಲೆ ರೆಫರಿಯ ಕಡೆ ತಿರುಗಿ, "ನನ್ನ ಕ್ಯಾಡಿ ಹೇಳಿದ್ದೇ ಸರಿ," ಎಂದ. ಚೆಂಡು ಇದ್ದ ಜಾಗದಲ್ಲಿ ಅದನ್ನು ತಿರುಗಿ ಇಟ್ಟು, ಒಂದೂವರೆ ಅಡಿಯಿಂದ ಕುಳಿಗೆ ಹಾಕಿದ. ಚೆಂಡು ಬಿದ್ದ ಸದ್ದು ನಲವತ್ತು ಸಾವಿರ ಜನಕ್ಕೂ ಕೇಳಿಸಿತು. ಐದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಹಲಗೆಗೆ ಅಮೆರಿಕದ ಕೆಂಪು ಅಂಕೆ ಸಿಕ್ಕಿಸಿದೆ. ಆ ಕೆಲಸಕ್ಕೇ ನನ್ನನ್ನು ಇಟ್ಟಿದ್ದರು.

ಅಮೆರಿಕದವರು ಮೈದಾನಕ್ಕೆ ಓಡಿ ಬಂದರು, ಆದರೆ ಕುಣಿಯಬೇಕೋ ಬೇಡವೋ ಅಂತ ಅವರಿಗೂ ತಿಳಿಯಲಿಲ್ಲ. ನಮ್ಮವರು ಎದ್ದು ಹೊರಟರು. ಹಗ್ಗದ ಆಚೆ ಡಾಡ್ ನಿಂತಿದ್ದ. ವಾಟಿ ಚೀಲ ಹೊತ್ತು ಅವನ ಮುಂದೆಯೇ ಹಾದು ಹೋದ. ಹದಿನಾರನೆಯ ವಯಸ್ಸಿನಿಂದ ಸ್ನೇಹಿತನಾದವನು ಮುಖ ಆ ಕಡೆ ತಿರುಗಿಸಿಕೊಂಡ.

ನನಗೂ ಸಿಟ್ಟು ಬಂದಿತ್ತು, ಯಾಕೆ ಸುಳ್ಳು ಹೇಳಲಿ? ಸಂಜೆ ಅವನ ಮನೆಗೆ ಸಾರು ತೆಗೆದುಕೊಂಡು ಹೋದವಳು ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದೆ. "ಎತ್ತಿದ್ದು ಒಂದು ತಪ್ಪು, ಆಯ್ತು, ಕೈ ಜಾರಿತು ಅನ್ನೋಣ. ಆ ಮನುಷ್ಯ ತಾನೇ ಕೊಟ್ಟೆ ಅಂದ ಮೇಲೂ ನಿಂಗೇನು ಬಂದಿತ್ತೋ ರೋಗ? ಯಾವತ್ತೂ ಇಲ್ಲದ ಮಾತು ಇವತ್ತೇ ಯಾಕೆ ಹೊರಡಬೇಕಿತ್ತು?" ಅವನು ಸಾರು ಕುಡಿದ, ಪಾತ್ರೆ ತೊಳೆದು ಕೊಟ್ಟ. ಗೋಡೆಯ ಫೋಟೋಗಳ ಸಾಲಿನ ಕೊನೆಯಲ್ಲಿ ಆ ವರ್ಷದ್ದಕ್ಕೆ ಅಂತ ಬಿಟ್ಟಿದ್ದ ಜಾಗ ಖಾಲಿ ಇತ್ತು. ಅದನ್ನು ನೋಡಿ ಪಾತ್ರೆ ಎತ್ತಿಕೊಂಡು ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಸ್ಟ್ರೌಡ್ ನನ್ನ ಅಂಗಡಿಗೆ ಬಂದ. ಹೊರಗೆ ಅವನ ಕಾರು ನಿಂತಿತ್ತು, ವಿಮಾನಕ್ಕೆ ಹೊತ್ತಾಗಿತ್ತು. ವಾಟಿ ಎಲ್ಲಿ ಸಿಗುತ್ತಾನೆ ಅಂತ ಶೆಡ್ಡಿನಲ್ಲಿ ಕೇಳಿಕೊಂಡು ಬಂದಿದ್ದನಂತೆ. ವಾಟಿ ಮೂಲೆಯ ಸ್ಟೂಲಿನಲ್ಲೇ ಇದ್ದ. ಡಾಡ್ ನಿಲ್ಲುವ ಜಾಗ ಖಾಲಿ ಇತ್ತು.

"ಯಾಕೆ ಯಜಮಾನ್ರೇ?" ಎಂದು ಸ್ಟ್ರೌಡ್ ನೇರವಾಗಿ ಕೇಳಿದ. "ನಾನು ಕೊಡೋನೇ ಇದ್ದೆ. ಇನ್ನೊಂದು ಕ್ಷಣ ಬಿಟ್ಟಿದ್ರೆ ಬಾಯಲ್ಲೇ ಹೇಳ್ತಿದ್ದೆ."

"ಕೊಡೋರಿದ್ರಿ," ಎಂದ ವಾಟಿ. "ಕೊಟ್ಟಿರ್ಲಿಲ್ಲ."

"ಅಷ್ಟಕ್ಕೇನಂತೆ?"

ವಾಟಿ ಲೋಟ ಕೆಳಗಿಟ್ಟ. "ನಾನು ಚೀಲ ಹೊರೋನು ಸರ್," ಅಂದ. "ನಲವತ್ನಾಲ್ಕು ವರ್ಷದಲ್ಲಿ ನನ್ನ ಹೊರೆ ಒಬ್ಬ ಆಟಗಾರನ ಹೆಗಲಿಗೂ ಹಾಕಿದ್ದಿಲ್ಲ. ನನ್ನ ತಪ್ಪಿಗೆ ನೀವು ಸುಳ್ಳು ಹೇಳಿ ಅದನ್ನ ಆಯಸ್ಸಿಡೀ ಹೊತ್ಕೊಂಡು ತಿರುಗೋದು ಅಂದ್ರೇನು? ನಂಗೆ ನಿದ್ದೆ ಬರ್ತಿತ್ತಾ?"

ಸ್ಟ್ರೌಡ್ ನಕ್ಕ, ಆದರೆ ಖುಷಿಯ ನಗೆಯಲ್ಲ. "ನಿನ್ನೆ ಊಟಕ್ಕೆ ಕೂತಾಗ ನನ್ನ ಅಕ್ಕಪಕ್ಕ ಯಾರೂ ಕೂರ್ಲಿಲ್ಲ. ಗೆದ್ದ ಕಪ್ ಬಿಟ್ಟುಕೊಡೋಕೆ ಹೋದೋನು ಅಂತ," ಎಂದ.

"ನನ್ನ ಪಕ್ಕಾನೂ ಯಾರೂ ಕೂರ್ತಿಲ್ಲ," ಎಂದ ವಾಟಿ. ಕಾಲಿನಿಂದ ಇನ್ನೊಂದು ಸ್ಟೂಲನ್ನು ಮುಂದಕ್ಕೆ ತಳ್ಳಿದ.

ಆ ಮನುಷ್ಯ ಕೂತ. ನಾನು ಟೀ ಕೊಟ್ಟೆ, ಜಿಪುಣ ಅಂದದ್ದಕ್ಕೆ ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದೆ. ಇಬ್ಬರೂ ಹನ್ನೆರಡೂವರೆಯ ಗಾಳಿಯ ಬಗ್ಗೆ ಮಾತಾಡಿದರು. ಹೋಗುವಾಗ ಎರಡು ಜೋಡಿ ಹೊಗೆಮೀನು ಕಟ್ಟಿಸಿಕೊಂಡ. ವಿಮಾನದಲ್ಲಿ ಅದರ ವಾಸನೆಗೆ ಯಾರು ಏನು ಅಂದರೋ ಗೊತ್ತಿಲ್ಲ.

ವಾರವಿಡೀ ಪೇಪರಿನವರು ಪ್ರಾಮಾಣಿಕ ಕ್ಯಾಡಿ ಅಂತ ಬರೆದರು, ಫೋಟೋ ಹಾಕಿದರು. ಊರಿನವರು ಆ ಪೇಪರಿನಲ್ಲಿ ಮೀನು ಕಟ್ಟಿಸಿಕೊಂಡು ಹೋದರು. ಬೇಕರಿಯವಳಂತೂ ನನ್ನ ಮುಖಕ್ಕೇ, "ನಿಮ್ಮಣ್ಣ ತುಂಬಾ ದೊಡ್ಡ ಮನುಷ್ಯ ಬಿಡು. ಊರು ಹಿಡಿಸದಷ್ಟು ದೊಡ್ಡ ಮನುಷ್ಯ," ಎಂದಳು. ಅವಳ ಬ್ರೆಡ್ಡಿನಲ್ಲಿ ಉಪ್ಪು ಜಾಸ್ತಿ ಅಂತ ಹೇಳಿ ಬಂದೆ. ಅದು ನಿಜವೂ ಹೌದು. ವಾಟಿ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗಿ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ, ಬೆಂಚಿನ ಉಳಿದ ಭಾಗ ಖಾಲಿ ಇರುತ್ತಿತ್ತು.

ಗುರುವಾರ ಬಂತು. ಸಂಜೆ ಐದಕ್ಕೆ ಕ್ಯಾಡಿಗಳ ಆಟ, ಸೋತವನು ಎಲ್ಲರಿಗೂ ಮಟನ್ ಪೈ ತರಬೇಕು. ಆಟ ನಿಲ್ಲಿಸೋಣ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ವಾಟಿಯನ್ನು ಬರಬೇಡ ಅನ್ನುವ ಧೈರ್ಯವೂ ಇರಲಿಲ್ಲ. ಯಾವಾಗಲೂ ವಾಟಿಗೂ ಡಾಡ್‌ಗೂ ಎದುರಾಬದುರಾ ಆಟ, ಅವತ್ತೂ ಹಾಗೇ ನಿಂತರು. ಊರಿನ ಸಣ್ಣ ಮೈದಾನದ ಕೊನೆಯ ಕುಳಿ ನನ್ನ ಅಂಗಡಿಯ ಹಿಂಗೋಡೆಯ ಪಕ್ಕದಲ್ಲೇ ಇದೆ. ಖಾಲಿ ಮೀನಿನ ಡಬ್ಬಿ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತು ನೋಡಿದೆ. ಇಬ್ಬರೂ ಮಾತಿಲ್ಲದೆ ಬಂದರು, ಹಿಂದೆ ಇನ್ನೂ ನಾಲ್ಕು ಜನ. ಆಟ ಸಮಸಮವಾಗಿತ್ತಂತೆ.

ವಾಟಿಯ ಚೆಂಡು ಕುಳಿಯಿಂದ ಒಂದೂವರೆ ಅಡಿಗೆ ಬಂದು ನಿಂತಿತು. ಅದೇ ಒಂದೂವರೆ ಅಡಿ. ಅವನ ಬೆನ್ನು ಬಗ್ಗಲು ಹೊರಟದ್ದನ್ನು ನಾನು ಕಣ್ಣಾರೆ ಕಂಡೆ, ಅರ್ಧಕ್ಕೆ ನಿಂತದ್ದನ್ನೂ ಕಂಡೆ. ಅವನು ನೆಟ್ಟಗಾಗಿ ಡಾಡ್ ಕಡೆ ನೋಡಿದ. ಡಾಡ್ ಸಮುದ್ರ ನೋಡುತ್ತಿದ್ದ. ಅಜ್ಜಂದಿರ ಕಾಲದಿಂದ ಆ ಮೈದಾನದಲ್ಲಿ ತೊಗಲಿನೊಳಗಿನ ಚೆಂಡನ್ನು ಯಾರಿಂದಲೂ ಆಡಿಸಿದ್ದಿಲ್ಲ.

"ಎತ್ಕೊಳ್ಳೋ ವಾಟಿ!" ಎಂದು ನಾನು ಗೋಡೆಯ ಮೇಲಿಂದ ಕಿರುಚಿದೆ.

"ನೀನು ಕೊಡೋಕಾಗಲ್ಲ ಎಫಿ," ಎಂದ ಡಾಡ್, ಸಮುದ್ರದ ಕಡೆಯಿಂದ ಮುಖ ತಿರುಗಿಸದೆ. "ಎದುರಿಗೆ ಆಡೋನು ಬಾಯಿಬಿಟ್ಟು ಕೊಡ್ಬೇಕು. ನಿಮ್ಮಣ್ಣಾನೇ ಕಲಿಸಿದ್ದು."

ವಾಟಿ ಪಟರ್ ಹಿಡಿದು ನಿಂತ. ಅಷ್ಟು ಚಿಕ್ಕ ಹೊಡೆತವನ್ನು ಅವನು ಆ ಮೈದಾನದಲ್ಲಿ ಜೀವಮಾನದಲ್ಲೇ ಹೊಡೆದಿರಲಿಲ್ಲ. ಚೆಂಡು ಕುಳಿಯ ಅಂಚು ಸುತ್ತಿ ಹೊರಗೆ ಬಂತು. ಯಾರೂ ನಗಲಿಲ್ಲ. ನಾನು ಗೋಡೆ ಕಲ್ಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಉಗುರು ಸೀಳಿತು.

ಗುರುವಾರದ ಆಟದಲ್ಲಿ ಒಬ್ಬ ಮುಗಿಸಿದ ಮೇಲೆ ಇನ್ನೊಬ್ಬ, ಈಗ ಡಾಡ್‌ನ ಸರದಿ. ಅವನ ಚೆಂಡು ಹಾಸಿನ ಅಂಚಿನಿಂದ ಉರುಳುತ್ತಾ ಬಂತು. ಇನ್ನೂ ಉರುಳುತ್ತಿರುವಾಗಲೇ, ಎರಡಡಿಗೆ ನಿಲ್ಲುವ ಮೊದಲೇ, ವಾಟಿ ಹೇಳಿದ, ಇಡೀ ಮೈದಾನಕ್ಕೆ ಕೇಳುವ ಹಾಗೆ: "ಕೊಟ್ಟೆ, ಡಾಡ್."

ಚೆಂಡು ನಿಂತಿತು. ಕೊಟ್ಟ ಮೇಲೆ ಆಟ ಡಾಡ್‌ನದೇ. ಆದರೆ ಚೆಂಡು ನೆಲದ ಮೇಲೇ ಇತ್ತು. ಡಾಡ್ ಅದನ್ನು ನೋಡಿದ, ತನ್ನ ಮೊಣಕಾಲು ನೋಡಿದ. ಎಂದೂ ಅಷ್ಟು ಹೊತ್ತು ಅವನ ಚೆಂಡು ನೆಲದಲ್ಲಿ ಬಿದ್ದಿರಲಿಲ್ಲ. ವಾಟಿ ಪಕ್ಕದಲ್ಲೇ ನಿಂತಿದ್ದ, ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟುಕೊಂಡು.

"ಎತ್ತಲಾ?" ಎಂದು ಕೇಳಿದ.

ಆರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.  ಡಾಡ್ ಟೋಪಿ ತೆಗೆದು ತಲೆ ಕೆರೆದುಕೊಂಡ, ತಿರುಗಿ ಹಾಕಿಕೊಂಡ. ನನ್ನ ಕಡೆ ಒಮ್ಮೆ ನೋಡಿ, ಬೇರೆಯವರ ಕಡೆ ಒಮ್ಮೆ ನೋಡಿ, ಕೊನೆಗೆ ನಮ್ಮಣ್ಣನ ಮುಖ ನೋಡಿದ, ಭಾನುವಾರದಿಂದೀಚೆಗೆ ಮೊದಲ ಸಲ.

"ಎತ್ತೋ ಮಾರಾಯ," ಎಂದ.

ವಾಟಿ ಬಗ್ಗಿ ಚೆಂಡನ್ನು ಎತ್ತಿ, ಪ್ಯಾಂಟಿಗೆ ಒರೆಸಿ, ಡಾಡ್‌ನ ಅಂಗೈಯಲ್ಲಿಟ್ಟ. ಆಮೇಲೆ ಎಲ್ಲರಿಗೂ ಪೈ ತರಲು ಬೇಕರಿಯ ಕಡೆ ಹೊರಟ. ಡಾಡ್ ಕುಂಟುತ್ತಾ ಅವನ ಜೊತೆಗೇ ಹೋದ.